ಹಾಸನದಲ್ಲಿ ಮೈಕ್ರೋಗ್ಲಿಯಾ ತೆಗೆದು ಬೆಂಗಳೂರಿಗೆ ಸಾಗಿಸೋದು: 37 ಡಿಗ್ರಿನಾ, ಐಸಾ?

ಹೇಮಾವತಿ ದಂಡೆ:
ವಯಸ್ಕ ಮೌಸ್ ಮಿದುಳಿಂದ ಮೈಕ್ರೋಗ್ಲಿಯಾ (ಮಿದುಳಿನ ರೋಗನಿರೋಧಕ ಜೀವಕೋಶ) ಬೇರ್ಪಡಿಸಿ, ಯಾವ ಜೀನ್ ಆನ್ ಆಗಿದೆ ಅಂತ ನೋಡೋಕೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಸಬೇಕು. ಎಥಿಕ್ಸ್ ಅನುಮತಿ ಸಿಕ್ಕಿದೆ. ಹಾಸನದ ಲ್ಯಾಬಲ್ಲಿ ಹುಡ್, ಕೂಲಿಂಗ್ ಸೆಂಟ್ರಿಫ್ಯೂಜ್, ಮೈನಸ್ 80 ಫ್ರೀಜರ್ ಇವೆ. ಸೆಲ್ ಸಾರ್ಟರ್ (ಬಣ್ಣದ ಗುರುತು ನೋಡಿ ಜೀವಕೋಶ ಆರಿಸೋ ಯಂತ್ರ) ಮಾತ್ರ ಬೆಂಗಳೂರಲ್ಲಿ, ಕಾರಲ್ಲಿ 4 ಗಂಟೆ ದಾರಿ. ನನ್ನ ಲೆಕ್ಕ ಇಷ್ಟು: ಅಂಗಾಂಶ ಬಿಡಿಸೋ ಕಿಣ್ವ ಪಪೈನ್‌ನಲ್ಲಿ 37 ಡಿಗ್ರಿ 30 ನಿಮಿಷ, ಮಯೆಲಿನ್ (ನರತಂತುವಿನ ಕೊಬ್ಬಿನ ಹೊದಿಕೆ) ಬೇರ್ಪಡಿಸೋಕೆ ಪರ್ಕಾಲ್ ದ್ರಾವಣ, ಆಮೇಲೆ ಜೀವಕೋಶಗಳನ್ನ ಐಸಲ್ಲಿಟ್ಟು ಹೊರಡೋದು. ಎಲ್ಲಿ ಎಡವುತ್ತೆ?

ಮುಳ್ಳಯ್ಯನಗಿರಿ:
ಎರಡು ಕಡೆ. ಮೊದಲು ಆ 37 ಡಿಗ್ರಿ. ಮೈಕ್ರೋಗ್ಲಿಯಾ ಇರೋದೇ ಮಿದುಳಲ್ಲಿ ಗಾಯ ಆದ್ರೆ ಓಡಿಬರೋಕೆ. ನೀವು ಕತ್ತರಿಸಿ ಬೆಚ್ಚಗಿಟ್ಟರೆ ಅವಕ್ಕೆ ಅದೇ ಗಾಯ. ಅರ್ಧ ಗಂಟೆಯೊಳಗೆ ಫಾಸ್, ಜುನ್, ಸಿಸಿಎಲ್3, ಸಿಸಿಎಲ್4 ಜೀನ್‌ಗಳು ಏರಿ ಕೂತಿರುತ್ತವೆ. ಅದನ್ನೇ ಉರಿಯೂತ ಅಂತ ಬರೆದುಬಿಡ್ತೀರಿ. ಎರಡನೇದು ಆ 4 ಗಂಟೆ.

ಕಾಫಿ ಕಣ:
ಕಂಟ್ರೋಲ್ ಮೌಸ್‌ಗೂ ಅದೇ ಪಪೈನ್ ತಾನೆ? ಎರಡರಲ್ಲೂ ಏರಿದ್ದನ್ನ ಕಳೆದರಾಯ್ತು. ಪಪೈನ್ ಬಿಟ್ಟು ಐಸಲ್ಲಿ ಬರೀ ಡೌನ್ಸ್ (ಕೈಯಲ್ಲಿ ಅರೆಯೋ ಗಾಜಿನ ಕೊಳವೆ) ಹೊಡೆದ್ರೆ ಅರ್ಧ ಜೀವಕೋಶ ಹರಿದೇ ಹೋಗ್ತವೆ, ಮಯೆಲಿನ್ ಬೇರೆ ಗಂಜಿ ಥರ ತೇಲುತ್ತೆ.

ಮುಳ್ಳಯ್ಯನಗಿರಿ:
ಕಳೆಯೋಕೆ ಆಗಲ್ಲ ಕಣ್ರೀ. ಮೊದಲೇ ಕೆರಳಿರೋ ಮೈಕ್ರೋಗ್ಲಿಯಾ ಬಿಸಿಗೂ ಬೇರೆ ರೀತೀಲೇ ಪ್ರತಿಕ್ರಿಯಿಸುತ್ತೆ, ಆ ವ್ಯತ್ಯಾಸ ಹಾಗೇ ಉಳಿಯುತ್ತೆ. ಬೆಳಿಗ್ಗೆ ಮೊದಲು ಕೈಗೆತ್ತಿಕೊಂಡ ಮಿದುಳು, ಮಧ್ಯಾಹ್ನ ಕೊನೆಗೆ ತೆಗೆದದ್ದು, ಇವೂ ಒಂದೇ ಅಲ್ಲ. ಪಪೈನ್ ಬಿಡೋಕೆ ಆಗಲ್ಲ ಅಂದ್ರೆ ಹೊಸ ಆರ್‌ಎನ್‌ಎ, ಪ್ರೋಟೀನ್ ತಯಾರಿಕೆ ತಡೆಯೋ ಪ್ರತಿಬಂಧಕ ಹಾಕಲೇಬೇಕು. 2022ರಲ್ಲಿ ಪ್ರಕಟವಾದ ಪ್ರಮಾಣ: ಆಕ್ಟಿನೋಮೈಸಿನ್ ಡಿ ಮಿಲೀಗೆ 5 ಮೈಕ್ರೋಗ್ರಾಂ, ಟ್ರಿಪ್ಟೋಲೈಡ್ 10 ಮೈಕ್ರೋಮೋಲಾರ್, ಅನಿಸೋಮೈಸಿನ್ ಮಿಲೀಗೆ ಸುಮಾರು 27 ಮೈಕ್ರೋಗ್ರಾಂ. ಮೊದಲೆರಡು ಪರ್ಫ್ಯೂಷನ್ (ಹೃದಯದ ಮೂಲಕ ಹರಿಸಿ ರಕ್ತ ತೊಳೆಯೋದು) ದ್ರಾವಣದಲ್ಲೇ ಇರಬೇಕು. ಪಪೈನ್ ಹಂತದಲ್ಲಿ ಹಾಕಿದ್ರೆ ತಡವಾಯ್ತು. ಆಕ್ಟಿನೋಮೈಸಿನ್‌ಗೆ ಬೆಳಕು ಆಗಲ್ಲ, ಟ್ಯೂಬಿಗೆ ಫಾಯಿಲ್ ಸುತ್ತಿ.

ಪಿಪೆಟ್ ಪಾಪಣ್ಣ:
ಅದರ ಜತೆ ಸತ್ತ ಜೀವಕೋಶ ಗುರುತಿಸೋಕೆ 7-ಎಎಡಿ ಬಳಸಬೇಡಿ. ಅದು ಆಕ್ಟಿನೋಮೈಸಿನ್‌ನ ಅಣ್ಣತಮ್ಮ, ಡಿಎನ್‌ಎ ಮೇಲೆ ಅದೇ ಜಾಗಕ್ಕೆ ಇಬ್ಬರೂ ಜಗಳ. ಸತ್ತವೂ ಬದುಕಿದ ಹಾಗೆ ಕಾಣ್ತವೆ.

ಕಾಫಿ ಕಣ:
ಒಪ್ಪಿದೆ. ಆದ್ರೆ ಆ ಮದ್ದು ಹಾಕಿದ ಮೇಲೆ ಅದೇ ಜೀವಕೋಶನ ಕಲ್ಚರ್‌ಗೆ ಹಾಕೋಕಾಗಲ್ಲ, ಆರ್‌ಎನ್‌ಎ, ಪ್ರೋಟೀನ್ ಎರಡರ ತಯಾರಿಕೆಯೂ ನಿಂತಿರುತ್ತೆ. ಇಷ್ಟೆಲ್ಲಾ ಯಾಕೆ, ಬಿವಿ-2 ಅನ್ನೋ ಮೈಕ್ರೋಗ್ಲಿಯಾ ಸೆಲ್ ಲೈನ್ ಸಾಕಾಗಲ್ವಾ?

ಮುಳ್ಳಯ್ಯನಗಿರಿ:
ಎಲ್‌ಪಿಎಸ್ (ಉರಿಯೂತ ಕೆರಳಿಸೋ ಬ್ಯಾಕ್ಟೀರಿಯಾ ಅಂಶ) ಹಾಕಿ ನೈಟ್ರೈಟ್ ಅಳೆಯೋಕೆ, ಔಷಧದ ಮೊದಲ ಜರಡಿಗೆ ಸಾಕು. 1990ರಲ್ಲಿ ವೈರಸ್‌ನಿಂದ ಆಂಕೊಜೀನ್ (ಕ್ಯಾನ್ಸರ್ ಜೀನ್) ತುರುಕಿ ಅಮರ ಮಾಡಿದ ಲೈನ್ ಅದು. ಮಿದುಳಲ್ಲಿ ಕೂತ ಮೈಕ್ರೋಗ್ಲಿಯಾ ಹೇಗಿರುತ್ತೆ ಅಂತ ಅದನ್ನ ಕೇಳಿ ಪ್ರಯೋಜನ ಇಲ್ಲ.

ಪಿಪೆಟ್ ಪಾಪಣ್ಣ:
ಪರ್ಕಾಲ್ ವಿಷಯಕ್ಕೆ ಬರೋಣ, ಹೊಸಬರು ಮುಗ್ಗರಿಸೋದು ಅಲ್ಲೇ. ಬಾಟಲಿಯಲ್ಲಿರೋ ಪರ್ಕಾಲ್‌ನಲ್ಲಿ ಉಪ್ಪೇ ಇಲ್ಲ. ನೇರ ಬಳಸಿದ್ರೆ ಜೀವಕೋಶ ನೀರು ಕುಡಿದು ಒಡೀತವೆ. 9 ಪಾಲು ಪರ್ಕಾಲ್‌ಗೆ 1 ಪಾಲು 10ಎಕ್ಸ್ (ಹತ್ತು ಪಟ್ಟು ಗಾಢ) ಪಿಬಿಎಸ್ ಉಪ್ಪಿನ ದ್ರಾವಣ ಸೇರಿಸಿ, ಅದನ್ನೇ ನೂರು ಅಂತ ಲೆಕ್ಕ ಹಿಡೀರಿ. ಶೇ. 30 ಬೇಕಾದ್ರೆ ಅದರ 3 ಮಿಲೀಗೆ 7 ಮಿಲೀ ಎಚ್‌ಬಿಎಸ್‌ಎಸ್ ಉಪ್ಪಿನ ದ್ರಾವಣ, ಕ್ಯಾಲ್ಸಿಯಂ ಮೆಗ್ನೀಷಿಯಂ ಇಲ್ಲದ್ದು, ಇಲ್ಲಾಂದ್ರೆ ಗಂಟು ಕಟ್ಟುತ್ತೆ. ಒಂದು ಮಿದುಳಿಗೆ ಆ 10 ಮಿಲೀ. ಸೆಂಟ್ರಿಫ್ಯೂಜ್ 500 ಜಿ, 15 ನಿಮಿಷ, 4 ಡಿಗ್ರಿ, ಬ್ರೇಕ್ ಆಫ್. ಬ್ರೇಕ್ ಬಿದ್ರೆ ಮೇಲೆ ನಿಂತ ಮಯೆಲಿನ್ ಕದಡಿ ಕೆಳಗಿಳಿಯುತ್ತೆ. ಮಯೆಲಿನ್ ಕೆನೆಯನ್ನ ಮೇಲಿಂದಲೇ ಹೀರಿ. ಟ್ಯೂಬಿನ ಗೋಡೆಗೆ ಅಂಟಿದ್ದನ್ನ ಬಿಟ್ಟರೆ ತೊಳೆಯುವಾಗ ಮತ್ತೆ ಪೆಲೆಟ್‌ಗೇ ಬರುತ್ತೆ.

ಕೈ ಪಳಗಿಸೋಕೆ ಮೌಸ್ ಕೊಲ್ಲಬೇಡಿ. ಕುರಿ ಮಿದುಳು ತಂದು 0.4 ಗ್ರಾಂ ಕತ್ತರಿಸಿಕೊಳ್ಳಿ, ಹೆಚ್ಚುಕಡಿಮೆ ಒಂದು ಮೌಸ್ ಮಿದುಳಿನಷ್ಟು. ಪರ್ಕಾಲ್ ಹಂತ ಕಲಿಯೋಕೆ ಮಾತ್ರ. ಮೌಸ್‌ಗೆ ಮಾಡಿದ ಆಂಟಿಬಾಡಿ ಅದರ ಮೇಲೆ ಸುರಿಯಬೇಡಿ.

ಹೇಮಾವತಿ ದಂಡೆ:
ಸರಿ, ಐಸ್ ಮತ್ತು ಡೌನ್ಸ್‌ಗೇ ಬಂದೆ. ಆ 4 ಗಂಟೆಗೇನು ಮಾಡ್ಲಿ? ಮಿದುಳನ್ನೇ ಫ್ರೀಜ್ ಮಾಡಿ, ಅಲ್ಲಿ ಜೀವಕೋಶದ ನ್ಯೂಕ್ಲಿಯಸ್ (ಕೋಶಕೇಂದ್ರ) ಮಾತ್ರ ತೆಗೆದ್ರೆ?

ಮುಳ್ಳಯ್ಯನಗಿರಿ:
ಸಾಗಿಸೋಕೆ ಸುಲಭ, ಆದ್ರೆ ನಿಮ್ಮ ಪ್ರಶ್ನೆಗೆ ಹೊಂದಲ್ಲ. ಮಾನವ ಮಿದುಳಿನ ಮೇಲೆ 2020ರಲ್ಲಿ ಬಂದ ಅಧ್ಯಯನದಲ್ಲಿ, ಇಡೀ ಜೀವಕೋಶದಲ್ಲಿ ಕಾಣೋ ಎಷ್ಟೋ ಸಕ್ರಿಯತೆಯ ಜೀನ್‌ಗಳು ನ್ಯೂಕ್ಲಿಯಸ್‌ನಲ್ಲಿ ತೀರಾ ಕಮ್ಮಿ ಸಿಕ್ಕವು. ಸಾರ್ಟರ್ ಬಿಡಿ. ಹಾಸನದಲ್ಲೇ ಸಿಡಿ11ಬಿ (ಮೈಕ್ರೋಗ್ಲಿಯಾ ಮೇಲ್ಮೈಯ ಪ್ರೋಟೀನ್) ಹಿಡಿಯೋ ಮ್ಯಾಗ್ನೆಟಿಕ್ ಬೀಡ್ ಹಾಕಿ, ಆಯಸ್ಕಾಂತದ ಕಾಲಂನಿಂದ ಇಳಿದ ಕೂಡಲೇ ಜೀವಕೋಶ ಒಡೆಯೋ ಲೈಸಿಸ್ ಬಫರ್‌ಗೆ, ಅಲ್ಲಿಂದ ಮೈನಸ್ 80ಗೆ. ಒಡೆದ ಜೀವಕೋಶ ನೆಲಮಂಗಲದ ಟ್ರಾಫಿಕ್ಕಲ್ಲಿ ಹೊಸ ಜೀನ್ ಆನ್ ಮಾಡಲ್ಲ.

ಕಾಫಿ ಕಣ:
ಸಿಡಿ11ಬಿ ರಕ್ತದ ಮೊನೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಮೇಲೂ ಇದೆ, ಮಿದುಳಿನ ಹೊರಪೊರೆ ಮೆನಿಂಜಸ್‌ನ ಮ್ಯಾಕ್ರೋಫೇಜ್ ಮೇಲೂ ಇದೆ. ಬೀಡ್‌ಗೆ ಭೇದ ಗೊತ್ತಾಗಲ್ಲ. ಸಾರ್ಟರ್ ಆದ್ರೆ ಸಿಡಿ45 ಗುರುತು ಕಡಿಮೆ, ಲೈ6ಸಿ ಗುರುತು ಇಲ್ಲದ್ದು ಅಂತ ಆರಿಸಬಹುದಿತ್ತು.

ಮುಳ್ಳಯ್ಯನಗಿರಿ:
ಸರಿಯಾದ ಆಕ್ಷೇಪ. ಆದ್ರೆ ಉರಿಯೂತದಲ್ಲಿ ಮೈಕ್ರೋಗ್ಲಿಯಾದ್ದೇ ಸಿಡಿ45 ಏರುತ್ತೆ, ಅದರದ್ದೇ ಗುರುತುಗಳಾದ ಪಿ2ಆರ್‌ವೈ12, ಟಿಮೆಮ್119 ಇಳೀತವೆ. ಹಾಗಾಗಿ ಸಾರ್ಟರ್‌ನ ಗೇಟ್ (ಆರಿಸೋ ಮಿತಿ) ಕೂಡ ಮೋಸ ಮಾಡುತ್ತೆ. ಮೊದಲು ತಣ್ಣನೆ ಪಿಬಿಎಸ್‌ನಲ್ಲಿ, ಲಿವರ್ ಪೂರ್ತಿ ಬಿಳುಚೋವರೆಗೆ, 20–30 ಮಿಲೀ ಪರ್ಫ್ಯೂಷನ್. ಮೆನಿಂಜಸ್, ಕೋರಾಯ್ಡ್ ಪ್ಲೆಕ್ಸಸ್ ಸೂಕ್ಷ್ಮದರ್ಶಕದ ಕೆಳಗೆ ಸುಲಿದು ಬಿಸಾಕಿ. ನಿಮ್ಮ ಮಾಡೆಲ್‌ನಲ್ಲಿ ಮೊನೊಸೈಟ್ ದಂಡುಗಟ್ಟಿ ನುಗ್ಗುತ್ತವೆ ಅಂತಾದ್ರೆ ಮಾತ್ರ ಕಾಫಿ ಕಣ ಗೆದ್ದರು, ಬೀಡ್ ಸಾಲದು.

ಪಿಪೆಟ್ ಪಾಪಣ್ಣ:
ನುಗ್ಗಿವೆಯೋ ಇಲ್ಲವೋ ನೋಡೋಕೆ ದಾರಿ ಇದೆ. ಪ್ರತಿ ಮಿದುಳಿಂದ ಒಂದು 20,000 ಜೀವಕೋಶ ಬೇರೆ ತೆಗೆದಿಡಿ. ಮೊದಲು ಫಿಕ್ಸ್ ಆಗುವಂಥ ಡೆಡ್ ಸೆಲ್ ಡೈ, ಆಮೇಲೆ ಸಿಡಿ16/32 ಬ್ಲಾಕ್ (ಮೈಕ್ರೋಗ್ಲಿಯಾ ಮೈತುಂಬಾ ಆಂಟಿಬಾಡಿ ಹಿಡಿಯೋ ಎಫ್‌ಸಿ ರಿಸೆಪ್ಟರ್, ಇದನ್ನ ಬಿಟ್ಟರೆ ಎಲ್ಲವೂ ಪಾಸಿಟಿವ್), ಆಮೇಲೆ ಸಿಡಿ11ಬಿ, ಸಿಡಿ45, ಲೈ6ಸಿ, ಸಿಡಿ206 ಆಂಟಿಬಾಡಿಗಳು. ಶೇ. 1 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ ಫಿಕ್ಸ್ ಮಾಡಿ ತೊಳೆದು ಕತ್ತಲಲ್ಲಿ 4 ಡಿಗ್ರಿಗಿಡಿ. ಮರುದಿನ ಬೆಂಗಳೂರಿನ ಸಾರ್ಟರ್‌ನಲ್ಲಿ ಓಡಿಸಿದರೂ ಆಗುತ್ತೆ. ಪಿಇ-ಸೈ7 ಥರದ ಟ್ಯಾಂಡಂ ಡೈ (ಎರಡು ಬಣ್ಣ ಜೋಡಿಸಿದ್ದು) ಬೇಡ, ಫಿಕ್ಸೇಟಿವ್‌ನಲ್ಲಿ ಅದು ಮುರಿದು ಪಿಇ ಚಾನೆಲ್‌ಗೆ ಸೋರುತ್ತೆ.

ಹೇಮಾವತಿ ದಂಡೆ:
ಕಾಲಂ ಕಟ್ಟಿಕೊಂಡ್ರೆ?

ಪಿಪೆಟ್ ಪಾಪಣ್ಣ:
ಮಯೆಲಿನ್ ಉಳಿದಿದೆ ಅಂತ ಅರ್ಥ. ಪ್ಲಂಜರ್ ಹಾಕಿ ಒತ್ತೋಕೆ ಹೋಗಬೇಡಿ. ಉಳಿದ ಸ್ಯಾಂಪಲ್ ವಾಪಸ್ ತಗೊಂಡು 40 ಮೈಕ್ರಾನ್ ಜರಡೀಲಿ ಸೋಸಿ, ಹೊಸ ಕಾಲಂಗೆ ಹಾಕಿ. ಬಫರ್ ಪಿಬಿಎಸ್, ಶೇ. 0.5 ಬಿಎಸ್‌ಎ, 2 ಮಿಲಿಮೋಲಾರ್ ಇಡಿಟಿಎ, ಗುಳ್ಳೆ ಹೋಗಿಸಿ ಐಸ್‌ನಷ್ಟು ತಣ್ಣಗಿರಲಿ. ಮತ್ತೆ, ಡ್ರೈ ಐಸ್ ಹಾಕಿಕೊಂಡು ಹೊರಟಾಗ ಎಸಿ ಅಂತ ಕಾರಿನ ಗಾಜೆಲ್ಲಾ ಏರಿಸಬೇಡಿ. ಒಂದೆರಡು ಇಂಚಾದ್ರೂ ತೆಗೆದಿರಿ, ಇಲ್ಲಾಂದ್ರೆ ಅದರಿಂದ ಬರೋ ಕಾರ್ಬನ್ ಡೈಆಕ್ಸೈಡ್ ಒಳಗೇ ತುಂಬಿಕೊಳ್ಳುತ್ತೆ.