ಡಿಸಾರ್ಡರ್‌ಗೆ ‘ಅಕ್ರಮ’ ಅನ್ನಬಹುದೆ?

ಗೆಳೆಯರೆ,

ತುಮಕೂರಿನ ಪದವಿ ವಿದ್ಯಾರ್ಥಿಗಳಿಗಾಗಿ ಕಾಂತೀಯತೆಯ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ‘ಆರ್ಡರ್’ಗೆ ಕ್ರಮ, ‘ಡಿಸಾರ್ಡರ್’ಗೆ ಅಕ್ರಮ ಎಂದಿಟ್ಟುಕೊಂಡರೆ ಒಂದು ವಾಕ್ಯ ಹೀಗಾಗುತ್ತದೆ: ‘ಅಕ್ರಮ ಬೆರೆಸಿದರೆ ಕ್ರಮ ಹುಟ್ಟುತ್ತದೆ.’ ತಾಲ್ಲೂಕು ಕಚೇರಿಯ ಅಕ್ರಮ-ಸಕ್ರಮ ಅರ್ಜಿ ನೆನಪಾಗುತ್ತದೆಯೇ ಹೊರತು ಭೌತವಿಜ್ಞಾನವಲ್ಲ.

ವಿಷಯವೇನೋ ಹಾಗೇ ಇದೆ. ತಾಮ್ರದ ಜರ್ಮನೇಟ್ ಹರಳಿನಲ್ಲಿ ತಾಮ್ರದ ಅಯಾನುಗಳು ಸರಪಳಿಯಾಗಿ ಕೂತಿವೆ, ಒಂದೊಂದಕ್ಕೂ ಅರ್ಧ ಸ್ಪಿನ್ (ಅಯಾನನ್ನು ಪುಟ್ಟ ಕಾಂತವಾಗಿಸುವ ಗುಣ). ಸುಮಾರು 14 ಕೆಲ್ವಿನ್‌ಗಿಂತ (ಮೈನಸ್ 259 ಡಿಗ್ರಿ ಸೆಲ್ಸಿಯಸ್) ಕೆಳಗೆ ಅಕ್ಕಪಕ್ಕದ ಸ್ಪಿನ್‌ಗಳು ಜೋಡಿಯಾಗಿ ಒಂದರ ಕಾಂತತ್ವವನ್ನು ಇನ್ನೊಂದು ಅಳಿಸಿಬಿಡುತ್ತದೆ. ಇದು ಗೊತ್ತಾದದ್ದು 1993ರಲ್ಲಿ. ಶುದ್ಧ ಹರಳನ್ನು ಇನ್ನೆಷ್ಟು ತಣಿಸಿದರೂ ಕಾಂತೀಯ ಕ್ರಮ, ಅಂದರೆ ಸ್ಪಿನ್‌ಗಳೆಲ್ಲ ಗೊತ್ತಾದ ದಿಕ್ಕು ಹಿಡಿದು ನಿಲ್ಲುವುದು, ಬರುವುದಿಲ್ಲ. ಅದೇ ನೂರಕ್ಕೆ ಮೂರು-ನಾಲ್ಕು ತಾಮ್ರ ತೆಗೆದು ಸತು ಇಟ್ಟರೆ? ಸತುವಿಗೆ ಸ್ಪಿನ್ ಇಲ್ಲ, ಪಕ್ಕದ ತಾಮ್ರಕ್ಕೆ ಜೋಡಿ ತಪ್ಪುತ್ತದೆ. ಹೀಗೆ ಒಂಟಿಯಾದ ಸ್ಪಿನ್‌ಗಳು ನಡುವಿನ ಜೋಡಿಗಳ ಮೂಲಕವೇ ಒಂದಕ್ಕೊಂದು ತಾಗಿ, ಕೆಲವೇ ಕೆಲ್ವಿನ್‌ನಲ್ಲಿ ಒಂದು ಮೇಲೆ ಒಂದು ಕೆಳಗೆ ಎಂದು ಹೊಂದಿಕೊಳ್ಳುತ್ತವೆ. (ಪಕ್ಕದ ಸರಪಳಿಗಳ ನಂಟೂ ಬೇಕು. ಒಂದೇ ಸರಪಳಿಯಲ್ಲಿ, ಸೊನ್ನೆ ಕೆಲ್ವಿನ್‌ಗಿಂತ ಮೇಲಿನ ಉಷ್ಣತೆಯಲ್ಲಿ ಇದಾಗದು ಎಂದು ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲೇ ತೋರಿಸಿದ್ದಾರೆ.)

ಇಲ್ಲಿ ಇಂಗ್ಲಿಷಿನವರು ಮೂರು ಬೇರೆ ಸಂಗತಿಗಳಿಗೆ ಒಂದೇ ಪದ ಹಚ್ಚಿದ್ದಾರೆ. ಸತು ಎಲ್ಲೆಂದರಲ್ಲಿ ಹೋಗಿ ಕೂತದ್ದೂ ಡಿಸಾರ್ಡರ್, ಕಾವಿಗೆ ಸ್ಪಿನ್‌ಗಳು ದಿಕ್ಕುಗೆಟ್ಟದ್ದೂ ಡಿಸಾರ್ಡರ್. ಅಚ್ಚುಕಟ್ಟಾಗಿ ಜೋಡಿ ಕಟ್ಟಿಕೊಂಡ ಸ್ಥಿತಿಯೂ ಅವರಿಗೆ ‘ಕ್ವಾಂಟಂ ಡಿಸಾರ್ಡರ್’! ಆ ಮೂರನೆಯದನ್ನು ‘ಅಸ್ತವ್ಯಸ್ತ’ ಅಂದರೆ ಶುದ್ಧ ಸುಳ್ಳು.

ನನ್ನ ಒಲವು ಹೀಗಿದೆ. ಆರ್ಡರ್‌ಗೆ ‘ಓರಣ’. ಎರಡನೆಯದಕ್ಕೆ ‘ಓರಣಗೆಟ್ಟ’, ಮೂರನೆಯದಕ್ಕೆ ‘ಓರಣ ಮೂಡದ’. ಸತುವಿನದಕ್ಕೆ ‘ಬೆರಕೆ’. ಬೆರಕೆ ಸೊಪ್ಪಿನ ಸಾರು ಉಣ್ಣುವ ನಮ್ಮ ಸೀಮೆಯಲ್ಲಿ ಈ ಮಾತಿಗೆ ಕೆಟ್ಟ ವಾಸನೆಯಿಲ್ಲ; ‘ಕಲಬೆರಕೆ’ ಅಂದಾಗಲೇ ಹಾಲಿಗೆ ನೀರು ಬೀಳುವುದು. ‘ಬೆರಕೆಯಿಂದ ಓರಣ’ ಎಂದರೆ ಹುಡುಗರು ಕತ್ತೆತ್ತಿ ನೋಡಿಯಾರು.

ಬಗೆಹರಿಯದ್ದು ಒಂದಿದೆ. ಬೇರೆ ಪರಮಾಣು ಯಾವುದೂ ಸೇರದೆ, ಸ್ಪಿನ್ ಸ್ಪಿನ್ನುಗಳ ನಡುವಿನ ಬಂಧದ ಬಲ ಮಾತ್ರ ಒಂದೊಂದು ಕಡೆ ಒಂದೊಂದು ಥರ ಇರಬಹುದು. ಅಂಥ ಸರಪಳಿಯ ಲೆಕ್ಕವನ್ನು 1979ರಲ್ಲಿ ಮಾ ಮತ್ತು ಹು ಅವರೊಡನೆ ಮಾಡಿದವರು ಚಂದನ್ ದಾಸ್‌ಗುಪ್ತ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಅಲ್ಲಿ ‘ಬೆರಕೆ’ ಒಗ್ಗುವುದಿಲ್ಲ. ‘ಏರುಪೇರು’ ಆದೀತೆ? ಅದು ಗಳಿಗೆಗೊಮ್ಮೆ ಬದಲಾಗುವಂಥದ್ದು ಅನ್ನಿಸುತ್ತದೆ, ಬಿಪಿಯ ಹಾಗೆ. ಈ ಬಂಧಗಳಾದರೋ ಹೇಗಿವೆಯೋ ಹಾಗೇ ಕಲ್ಲಾಗಿರುತ್ತವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಡುಮಾತಿನಲ್ಲಿ ಹೊಂದುವ ಪದವಿದ್ದರೆ ದಯವಿಟ್ಟು ತಿಳಿಸಿ.