ಮಾರುತಿ 800: ಯಾವುದು ಅಸಲಿ?

ಕೊಟ್ಟಿಗೆ ಕಾರು:
ಅಜ್ಜನ ಮನೆ ಕೊಟ್ಟಿಗೇಲಿ ಅಡಿಕೆ ಚೀಲಗಳ ಹಿಂದೆ ಒಂದು ಬಿಳಿ ಮಾರುತಿ 800 ನಿಂತಿದೆ. ಆರ್‌ಸಿ ಪುಸ್ತಕದಲ್ಲಿ 1986 ಅಂತಿದೆ, ಸಿಎ ಅಂತ ಶುರುವಾಗೋ ಹಳೇ ನಂಬರು. ಚಿಕ್ಕಪ್ಪ ಗುಜರಿಗೆ ಹಾಕೋಣ ಅಂತಾರೆ. ಪರಿಚಯದ ಮೆಕ್ಯಾನಿಕ್ ಒಬ್ರು ಫೋನಲ್ಲೇ "ಮೊದಲನೇ ಮಾಡೆಲ್ ಆಗಿದ್ರೆ ಇಟ್ಕೊಳ್ಳಿ, ಎರಡನೇದಾದ್ರೆ ಬೀದಿಗೊಂದು ಸಿಗುತ್ತೆ" ಅಂದ್ರು. 800ರಲ್ಲಿ ಮೊದಲನೇದು, ಎರಡನೇದು ಅಂತ ಬೇರೆ ಇದೆಯಾ? ನನ್ನ ಕಣ್ಣಿಗೆ ಎಲ್ಲಾ ಒಂದೇ ಥರ.

ಚೋಕ್ ಎಳೆದವ:
ಇದೆ ಮಾರಾಯ್ರೆ. ಮೊದಲನೇದು ಎಸ್‌ಎಸ್80. 1983ರ ಡಿಸೆಂಬರ್ 14ರಂದು ಗುರ್‌ಗಾಂವ್‌ನಲ್ಲಿ ಇಂದಿರಾ ಗಾಂಧಿ ಹರ್ಪಾಲ್ ಸಿಂಗ್ ಅನ್ನೋರ ಕೈಗೆ ಬೀಗದ ಕೈ ಕೊಟ್ರಲ್ಲ, ಅದೇ. 47,500 ರೂಪಾಯಿ. ಜಪಾನಿನಲ್ಲಿ 1979ಕ್ಕೆ ಬಂದಿದ್ದ ಸುಜುಕಿ ಫ್ರಾಂಟೆ-ಆಲ್ಟೊ ಜೋಡಿಯೇ ಅದರ ಮೂಲ. ಬೆಂಕಿಪೊಟ್ಟಣದ ಹಾಗೆ ಚೌಕಾಕಾರ. ಎರಡನೇದು ಎಸ್‌ಬಿ308, ಸ್ವಲ್ಪ ಗುಂಡಗೆ. ಊರೆಲ್ಲ ನೋಡಿರೋ 800 ಅದೇ. ಅದು ಬಂದಿದ್ದು 1986ರಲ್ಲಿ. ನಿಮ್ಮ ಪುಸ್ತಕದಲ್ಲೂ ಅದೇ ಇಸವಿ ಇರೋದ್ರಿಂದ ಯಾವುದು ಬೇಕಾದ್ರೂ ಆಗಬಹುದು. ಫೋಟೋ ಹಾಕಿ.

ಕೊಟ್ಟಿಗೆ ಕಾರು:
ನಾನೀಗ ಬೆಂಗಳೂರಲ್ಲಿದ್ದೀನಿ. ಭಾನುವಾರ ಊರಿಗೆ ಹೋಗಿ ನೋಡ್ತೀನಿ.

ನಾಲ್ಕನೇ ಗೇರು:
ಎಸ್‌ಎಸ್80 ಸಿಕ್ಕಿದ್ರೆ ಶೋಕಿಗೆ ಚೆನ್ನ, ಒಪ್ತೀನಿ. ಆದ್ರೆ "ಅಸಲಿ 800" ಅಂತ ಅದಕ್ಕೆ ಪಟ್ಟ ಕಟ್ಟೋದು ಸರಿಯಲ್ಲ. ಅದು ರಿಹರ್ಸಲ್. ಶುರುವಿನಲ್ಲಿ ಬಿಡಿಭಾಗ ಬಹುಪಾಲು ಜಪಾನಿನಿಂದ ಪೆಟ್ಟಿಗೇಲಿ ಬಂದು ಇಲ್ಲಿ ಜೋಡಣೆ ಆಗ್ತಿತ್ತು, ಎರಡೂವರೆ ಮೂರು ವರ್ಷಕ್ಕೆ ಕಥೆ ಮುಗೀತು. ಮಧ್ಯಮ ವರ್ಗದವರ ಮನೆ ಮುಂದೆ ನಿಂತಿದ್ದು, ಮಕ್ಕಳು ಡ್ರೈವಿಂಗ್ ಕಲಿತಿದ್ದು, ಮದುವೆ ದಿಬ್ಬಣಕ್ಕೆ ಏಳು ಜನ ತುರುಕಿಕೊಂಡು ಹೋಗಿದ್ದು ಎಲ್ಲಾ ಎಸ್‌ಬಿ308ರಲ್ಲಿ.

ಹುಬ್ಳಿ ಹೈದ:
ಅಲ್ರೀ, ಆ ಎಸ್‌ಬಿ308 ಅನ್ನ 1986ರಿಂದ 2014ರ ಜನವರಿ ತನಕ ಮಾಡ್ಯಾರ. ಇಪ್ಪತ್ತೆಂಟು ವರ್ಷ ಒಂದ ಅಂಗಿ! ಅದೇ ಹೊತ್ತಿನ್ಯಾಗ ಜಪಾನಿನ ಆಲ್ಟೊ ಎಷ್ಟು ಸಲ ಬದ್ಲಾತು ಗೊತ್ತೇನು? 1988, 1994, 1998, 2004, 2009. ಐದು ಸಲ. ನಮಗ 1997ರಾಗ ಮೂತಿ, ಲೈಟು ತಿದ್ದಿ "ಹೊಸಾದು ತಗೋರಿ" ಅಂದ್ರು. ಇದಕ್ಕ ತಲೆಮಾರು ಅಂತಾರೇನ್ರೀ? ಅಜ್ಜನ ಕೋಟಿಗೆ ಹೊಸ ಗುಂಡಿ ಹಚ್ಚಿದ್ಹಂಗ.

ಚೋಕ್ ಎಳೆದವ:
ಹೊರಗಿನ ಅಂಗಿ ಒಂದೇ, ಒಳಗೆ ಅಲ್ಲ. 2000ದ ಹೊತ್ತಿಗೆ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡೋ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ, ಅಂದ್ರೆ ಇಂಜೆಕ್ಟರ್‌ನಿಂದ ಪೆಟ್ರೋಲ್ ಕೊಡೋ ವ್ಯವಸ್ಥೆ ಬಂತು. ಅದೇನು ಸಣ್ಣ ಬದಲಾವಣೆಯಾ? ಕಾರ್ಬುರೇಟರ್ ಗಾಡಿ ಇಟ್ಟವರನ್ನ ಕೇಳಿ. ಚಳಿಗಾಲದ ಬೆಳಿಗ್ಗೆ ಚೋಕ್ (ಗಾಳಿ ಕಡಿಮೆ ಮಾಡೋ ಗುಂಡಿ) ಪೂರ್ತಿ ಎಳೀಬೇಕು, ಆಕ್ಸಿಲರೇಟರ್ ಮುಟ್ಟಬಾರದು, ಕೀ ತಿರುಗಿಸಬೇಕು. ಹತ್ತಿಕೊಂಡ್ತು ಅಂದ ತಕ್ಷಣ ಚೋಕ್ ಅರ್ಧ ಒಳಗೆ ತಳ್ಳಬೇಕು. ತಡ ಮಾಡಿದ್ರೆ ಪ್ಲಗ್ ಒದ್ದೆ, ಅವಸರ ಮಾಡಿದ್ರೆ ಇಂಜಿನ್ ಆಫ್. ನಮ್ಮಪ್ಪ ಇದನ್ನ ಸಂಧ್ಯಾವಂದನೆ ಥರ ಮಾಡೋರು, ಮಧ್ಯೆ ಯಾರೂ ಮಾತಾಡೋ ಹಾಗಿಲ್ಲ. ಎಂಪಿಎಫ್‌ಐ ಬಂದ ಮೇಲೆ ಸೆನ್ಸರ್‌ಗಳು ಹೇಳಿದ ಲೆಕ್ಕದಲ್ಲಿ ಸಿಲಿಂಡರಿಗೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುತ್ತೆ, ಕೀ ತಿರುಗಿಸಿ ಹೊರಡೋದೇ.

ಹುಬ್ಳಿ ಹೈದ:
ಅದನ್ನೂ ಪ್ರೀತಿಗೆ ಕೊಟ್ಟಿಲ್ರೀ. ಹೊಗೆ ನಿಯಮ ಬಿಗಿ ಆತು, ಬ್ಯಾರೆ ದಾರಿ ಇರಲಿಲ್ಲ. ಏರ್‌ಬ್ಯಾಗಂತೂ ಕಡೀತನಕ ಬರಲೇ ಇಲ್ಲ.

ಘಾಟಿ ರಸ್ತೆ:
ಐದು ಗೇರಿನ ಇಎಕ್ಸ್ ಅನ್ನ ಎಲ್ಲರೂ ಮರೆತುಬಿಟ್ರಾ? ಅದೂ 2000ದ ಸುಮಾರಿಗೆ ಬಂದಿದ್ದು, ಸಿಲಿಂಡರಿಗೆ ನಾಲ್ಕರಂತೆ ಹನ್ನೆರಡು ವಾಲ್ವ್. ಮಾಮೂಲಿ 800ರ 37 ಅಶ್ವಶಕ್ತಿಯಲ್ಲಿ ಶಿರಾಡಿ ಹತ್ತೋದು ಅಂದ್ರೆ ಮೊದಲು ಎಸಿ ಆಫ್, ಆಮೇಲೆ ಮೂರನೇ ಗೇರು ಸಾಲದೆ ಎರಡನೇದು, ಹಿಂದೆ ಕೂತವರೆಲ್ಲ ತಮಗೇ ಗೊತ್ತಿಲ್ಲದೆ ಮುಂದಕ್ಕೆ ಬಾಗೋರು. ಇಎಕ್ಸ್ ಓಡಿಸಿದವನಿಗೆ ಆ ವ್ಯತ್ಯಾಸ ಗೊತ್ತು. ನನ್ನ ಮಟ್ಟಿಗೆ 800ರಲ್ಲಿ ಒಳ್ಳೇದು ಅಂದ್ರೆ ಅದೇ. ಆದ್ರೂ ಉಳೀಲಿಲ್ಲ. ಪಕ್ಕದಲ್ಲೇ ಮಾರುತಿಯದ್ದೇ ಆಲ್ಟೊ ನಿಂತಿತ್ತಲ್ಲ, ಇನ್ನೊಂದಿಷ್ಟು ದುಡ್ಡು ಹಾಕಿದ್ರೆ ಹೊಸ ಬಾಡಿ ಸಿಗೋವಾಗ ಹಳೇ ಬಾಡಿಗೆ ಐದನೇ ಗೇರು ಯಾರಿಗೆ ಬೇಕು?

ನಾಲ್ಕನೇ ಗೇರು:
ನೀವು ನನ್ನ ಮಾತನ್ನೇ ಹೇಳಿದ್ರಿ. ಸುಧಾರಿಸಿದ 800 ಕೊಟ್ರೂ ಜನ ತಗೊಳ್ಳಲಿಲ್ಲ. ಅವರಿಗೆ ಬೇಕಾಗಿದ್ದು ಕಡಿಮೆ ಬೆಲೆಯ, ಯಾವ ಊರಿನ ಮೆಕ್ಯಾನಿಕ್ ಬೇಕಾದ್ರೂ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸೋ 800. ಬದಲಾಗದೆ ಇದ್ದಿದ್ದೇ ಅದರ ಗುಣ.

ಹುಬ್ಳಿ ಹೈದ:
ಗುಣ ಅಲ್ಲ, ಗತಿ. ಅಂಬಾಸಡರ್, ಪದ್ಮಿನಿ ಬಿಟ್ರ ಏನಿತ್ತು ಆಗ? ಪಾಕಿಸ್ತಾನದಾಗ ಇದೇ ಗಾಡಿ ಮೆಹ್ರಾನ್ ಅನ್ನೋ ಹೆಸರಿನ್ಯಾಗ 2019ರ ತನಕ ಮಾರಿದ್ರು. ಅದನ್ನೂ ಗುಣ ಅಂತೀರೇನು?

ಘಾಟಿ ರಸ್ತೆ:
ಮೂಲ ವಿನ್ಯಾಸದ ಲೆಕ್ಕಾಚಾರವನ್ನೂ ನೋಡಬೇಕು. ಜಪಾನಿನಲ್ಲಿ ಇದು ತೆರಿಗೆ ರಿಯಾಯಿತಿಯ ಪುಟಾಣಿ ಕಾರುಗಳ ವರ್ಗಕ್ಕೆ ಸೇರಿದ್ದು. ಆಗಿನ ನಿಯಮದಲ್ಲಿ ಉದ್ದ 3.2 ಮೀಟರ್, ಅಗಲ 1.4, ಇಂಜಿನ್ 550 ಸಿಸಿ ದಾಟೋ ಹಾಗಿಲ್ಲ. ಆ ಇಕ್ಕಟ್ಟಿನಲ್ಲಿ ನಾಲ್ಕು ಜನರನ್ನ ಕೂರಿಸೋಕೆ ಇಂಜಿನ್ ಅಡ್ಡ ಇಟ್ಟು, ಮುಂದಿನ ಚಕ್ರಕ್ಕೇ ಶಕ್ತಿ ಕೊಟ್ಟು, ಚಕ್ರವನ್ನೂ ಪುಟ್ಟದು ಮಾಡಿದ್ರು. ನಮಗೆ ಅದರಲ್ಲೇ 796 ಸಿಸಿ, ಮೂರು ಸಿಲಿಂಡರ್ ಇಟ್ಟು ಕೊಟ್ರು. ಅಂಬಾಸಡರ್ ಬಿಟ್ಟು ಇದರಲ್ಲಿ ಕೂತವನಿಗೆ ಸ್ಟೇರಿಂಗ್ ಬೆರಳಲ್ಲಿ ತಿರುಗಿದ ಹಾಗೆ ಅನ್ನಿಸಿದ್ದು ಅದಕ್ಕೇ. ಈ ಪುಣ್ಯ ಎಸ್‌ಎಸ್80ಗೂ ಸಲ್ಲಬೇಕು. ಬರೀ ರಿಹರ್ಸಲ್ ಅನ್ನಬೇಡಿ.

ಹಳೇ ಪೇಪರ್:
ಇದೆಲ್ಲ ಸಂಜಯ್ ಗಾಂಧಿ ಮಾಡಿದ ಕಾರು ಅಲ್ವಾ?

ಚೋಕ್ ಎಳೆದವ:
ಅಲ್ಲ. ಅವರ ಮಾರುತಿ ಲಿಮಿಟೆಡ್ 1971ರದ್ದು, ಕಾರು ಮಾರುಕಟ್ಟೆಗೆ ಬರದೆ ಮುಳುಗಿತು. ಮಾರುತಿ ಉದ್ಯೋಗ್ ಅಂತ ಸರ್ಕಾರವೇ ಬೇರೆ ಕಂಪನಿ ಮಾಡಿದ್ದು 1981ರಲ್ಲಿ, ಸುಜುಕಿ ಜೊತೆ ಒಪ್ಪಂದ 1982ರಲ್ಲಿ. ಹೆಸರು ಮಾತ್ರ ಹಳೇದು.

ನಾಲ್ಕನೇ ಗೇರು:
ಹುಬ್ಳಿಯವರೇ, ಗತಿ ಇಲ್ಲದೆ ಕೊಂಡ್ರು ಅನ್ನೋ ಮಾತು ತೊಂಬತ್ತರ ದಶಕದ ಮಧ್ಯದವರೆಗೆ ನಡೆಯುತ್ತೆ. ಸ್ಯಾಂಟ್ರೋ, ಇಂಡಿಕಾ 1998ರಲ್ಲೇ ಬಂದ್ವು. ಆಮೇಲೂ 800 ಅಷ್ಟು ವರ್ಷ ಮಾರಾಟ ಆಯ್ತಲ್ಲ, ಅದಕ್ಕೇನಂತೀರಿ? ಕೊನೆಗೆ ನಿಲ್ಲಿಸಿದ್ದೂ ಗಿರಾಕಿ ಅಲ್ಲ, ಬಿಎಸ್4 ಅನ್ನೋ ಹೊಗೆ ನಿಯಮ. 2010ರ ಏಪ್ರಿಲ್‌ನಲ್ಲಿ ಆ ನಿಯಮ 13 ನಗರಗಳಿಗೆ ಬಂತು, ಆ ಪಟ್ಟಿಯಲ್ಲಿ ಬೆಂಗಳೂರೂ ಇತ್ತು. ಇಂಜಿನ್ನನ್ನ ಅದಕ್ಕೆ ಹೊಂದಿಸೋ ಖರ್ಚು ಗಿಟ್ಟಲ್ಲ ಅಂತ ಕೈಬಿಟ್ರು. ಬೆಂಗಳೂರಲ್ಲಿ ಹೊಸ 800 ಇಲ್ಲ, ತುಮಕೂರಲ್ಲಿ ಇದೆ ಅನ್ನೋ ವಿಚಿತ್ರ ಕಾಲ ಅದು.

ಹುಬ್ಳಿ ಹೈದ:
ತುಮಕೂರಿನ ಮಾತು ಖರೆ. ಉಳದದ್ದು ಒಪ್ಪಂಗಿಲ್ಲ. ಸೋವಿ ಇತ್ತು, ಮಾರಾಟ ಆತು, ಅಷ್ಟ. ಇಪ್ಪತ್ತು ವರ್ಷದ ಹಿಂದಿನ ಗಾಡಿ ಮಾಡಾಕ ಹೊಸಾ ಖರ್ಚರ ಏನಿತ್ತು ಅವರಿಗೆ?

ಕೊಟ್ಟಿಗೆ ಕಾರು:
ಊರಿಗೆ ಬಂದೆ. ಮುಂದೆ ಹೋಗೋಕೆ ಜಾಗ ಇಲ್ಲ, ಚೀಲ ಸರಿಸಿ ಹಿಂಭಾಗ ಮಾತ್ರ ನೋಡಿದೆ. ಧೂಳಲ್ಲಿ ಗುಂಡಗಿದೆಯೋ ಚೌಕ ಇದೆಯೋ ಗೊತ್ತಾಗ್ತಿಲ್ಲ. ಬೇರೆ ಗುರುತು ಏನಾದ್ರೂ ಇದೆಯಾ?

ಘಾಟಿ ರಸ್ತೆ:
ಹಿಂದಿನ ಬಾಗಿಲು ತೆಗೀರಿ. ಎಸ್‌ಬಿ308 ಆದ್ರೆ ಗಾಜು, ತಗಡು ಎಲ್ಲಾ ಸೇರಿ ಇಡೀ ಬಾಗಿಲು ಮೇಲೇಳುತ್ತೆ. ಎಸ್‌ಎಸ್80ರಲ್ಲಿ ಗಾಜು ಮಾತ್ರ. ಹಟಕ್ಕೆ ಬಿದ್ರೆ ಅದನ್ನ ಹ್ಯಾಚ್‌ಬ್ಯಾಕ್ ಅನ್ನಬೇಕೋ ಬೇಡವೋ ಅಂತಲೇ ಜಗಳ ಆಡಬಹುದು.

ಕೊಟ್ಟಿಗೆ ಕಾರು:
ಗಾಜು ಮಾತ್ರ ಎದ್ದಿದ್ದು! ಕೆಳಗಿನ ತಗಡು ಅಲ್ಲಾಡಲಿಲ್ಲ. ಒಳಗೆ ಒಂದು ಕೊಡೆ, 1991ರ ಪಂಚಾಂಗ.

ಚೋಕ್ ಎಳೆದವ:
ಗುಜರಿಯವನ ಫೋನ್ ಎತ್ತಬೇಡಿ ಅಂತ ಚಿಕ್ಕಪ್ಪನಿಗೆ ಹೇಳಿ. ನೀವೂ ಉತ್ಸಾಹದಲ್ಲಿ ಬ್ಯಾಟರಿ ತಂದು ಸ್ಟಾರ್ಟ್ ಮಾಡೋಕೆ ಹೋಗಬೇಡಿ. ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆಸಿ. ಮೂರೂ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಟೈಮಿಂಗ್ ಬೆಲ್ಟ್ ಬದಲಾಯಿಸದೆ ಇಂಜಿನ್ ತಿರುಗಿಸಬೇಡಿ, ಇಷ್ಟು ವರ್ಷಕ್ಕೆ ರಬ್ಬರ್ ಒಣಗಿರುತ್ತೆ. ಇಂಜಿನ್ ಸಾಮಾನಿಗೆ ಚಿಂತೆ ಇಲ್ಲ, ಅದೇ 796 ಸಿಸಿ ಓಮ್ನಿಯಲ್ಲಿ 2019ರವರೆಗೂ ಬಂತು.

ಕೊಟ್ಟಿಗೆ ಕಾರು:
ಸರಿ. ಆ ಹಿಂದಿನ ಗಾಜಿನ ಸುತ್ತ ಇರೋ ರಬ್ಬರ್ ಬೀಡಿಂಗನ್ನ ಇಲಿ ಅರ್ಧ ತಿಂದಿದೆ. ಅದು ಎಲ್ಲಿ ಸಿಗುತ್ತೆ?

ನಾಲ್ಕನೇ ಗೇರು:
ಎಸ್‌ಬಿ308ದಾಗಿದ್ರೆ ಸಂಜೆಯೊಳಗೆ ತಂದುಕೊಡ್ತಿದ್ದೆ. ಈಗ ಹುಬ್ಳಿಯವರನ್ನೇ ಕೇಳಿ.

ಹುಬ್ಳಿ ಹೈದ:
ಅಳತಿ ಕಳಸ್ರಿ, ನೋಡೂಣು.