ಆನ್‌ಲೈನ್ ಯುದ್ಧದ ಆಟಗಳಲ್ಲಿ ಇಡೀ ತಂಡವನ್ನು ಮುನ್ನಡೆಸುವ ಕಮಾಂಡರ್ ಆಗಿ ಆಡಿದವರಿಗೆ ನೆನಪಿನಲ್ಲಿ ಉಳಿಯುವುದು ಯಾವ ಕ್ಷಣ?

ನಕಾಶೆಗಾರ: 2005ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 2 ಆಟದಲ್ಲಿ ಕಮಾಂಡರ್‌ಗೆ ಫಿರಂಗಿ ದಾಳಿ, ರೇಡಾರ್ ಸ್ಕ್ಯಾನ್, ಡ್ರೋನ್ ಹಾಗೂ ಸಾಮಗ್ರಿಯ ಪೆಟ್ಟಿಗೆ ಎಂಬ ನಾಲ್ಕು ಸಾಧನಗಳಿದ್ದವು. ಒಂದು ಪಂದ್ಯದಲ್ಲಿ ಎದುರಾಳಿಗಳ ಇಬ್ಬರು ಆಟಗಾರರು ನಮ್ಮ ಮೂಲ ನೆಲೆಯೊಳಗೆ ನುಸುಳಿ, ಸ್ಫೋಟಕವಿಟ್ಟು ಫಿರಂಗಿಗಳನ್ನೂ ರೇಡಾರನ್ನೂ ಡ್ರೋನ್ ಕೇಂದ್ರವನ್ನೂ ಒಂದೊಂದಾಗಿ ಹಾಳುಮಾಡಿದರು. ದುರಸ್ತಿಗೆ ಯಾರನ್ನೂ ಹಿಂದಕ್ಕೆ ಕರೆಸುವ ಸ್ಥಿತಿಯಿರಲಿಲ್ಲ. ಆ ಮೇಲೆ, ಸಾಮಗ್ರಿಯ ಪೆಟ್ಟಿಗೆಯೊಂದನ್ನು ಬಿಟ್ಟರೆ, ನನ್ನ ಬಳಿ ಉಳಿದದ್ದು ಮ್ಯಾಪ್ ಮತ್ತು ಮಾತು ಮಾತ್ರ. ವಶಪಡಿಸಿಕೊಳ್ಳಬೇಕಾದ ಜಾಗಗಳ ಬಾವುಟಗಳಲ್ಲಿ ಯಾವುದರತ್ತ ಶತ್ರುಗಳು ಸರಿಯುತ್ತಿರಬಹುದೆಂದು ಸ್ಕ್ವಾಡ್ (ತಂಡದೊಳಗಿನ ಸಣ್ಣ ತುಕಡಿ) ಲೀಡರ್‌ಗಳ ವರದಿಯಿಂದಲೇ ಊಹಿಸಿ, ಒಂದು ಸ್ಕ್ವಾಡನ್ನು ಹಿಂದಿನ ಬಾವುಟಕ್ಕೆ ಕಳುಹಿಸಿದೆ. ಕೆಲವೇ ಟಿಕೆಟ್‌ಗಳು, ಅಂದರೆ ಸತ್ತವರು ಮರಳಿ ಬರುವ ಅವಕಾಶಗಳು, ಉಳಿದಿರುವಾಗ ಗೆದ್ದೆವು. ಸಾಧನಗಳೆಲ್ಲ ಕೈಯಲ್ಲಿದ್ದಾಗ ಗೆದ್ದ ಹತ್ತಾರು ಪಂದ್ಯಗಳು ನನಗೆ ಮರೆತುಹೋಗಿವೆ, ಇದೊಂದು ಮರೆತಿಲ್ಲ. ಕಮಾಂಡರ್‌ನ ನಿಜವಾದ ಸಾಮರ್ಥ್ಯ ತಿಳಿಯುವುದು ಅಂಥ ಹೊತ್ತಿನಲ್ಲಿಯೇ ಎಂದು ನಾನು ಹೇಳುತ್ತೇನೆ.

ಕಾಲಾಳು: ನಕಾಶೆಗಾರರೇ, ನಿಮ್ಮ ಅನುಭವವನ್ನು ಗೌರವಿಸುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಆ ಪಂದ್ಯವನ್ನು ಗೆದ್ದದ್ದು ನಿಮ್ಮ ಊಹೆಯೋ, ಅಥವಾ ಆ ಬಾವುಟದ ಬಳಿ ನಿಂತು ಸತ್ತು ಮತ್ತೆ ಬಂದು ನಿಂತ ಆರು ಜನರೋ? ನಾನು ಎಂದೂ ಕಮಾಂಡರ್ ಆದವನಲ್ಲ. ಆದರೆ ಗುಂಡು ಮುಗಿಯುತ್ತ ಬಂದು, ಗಾಯಗೊಂಡು ಒಂದು ಗೋಡೆಯ ಮರೆಯಲ್ಲಿ ಕುಳಿತಿದ್ದಾಗ, ಯಾರೂ ಕೇಳದೆಯೇ ನಮ್ಮ ಪಕ್ಕದಲ್ಲಿ ಸಾಮಗ್ರಿಯ ಪೆಟ್ಟಿಗೆ ಬಂದು ಬಿದ್ದುದು ಇಂದಿಗೂ ನೆನಪಿದೆ. ಆ ಕಮಾಂಡರ್ ಒಂದು ಮಾತನ್ನೂ ಆಡಿರಲಿಲ್ಲ, ನಮ್ಮನ್ನು ನೋಡುತ್ತಿದ್ದರು, ಅಷ್ಟೇ. ನನ್ನ ಮಟ್ಟಿಗೆ ದೊಡ್ಡ ನಾಯಕತ್ವವೆಂದರೆ ಅದು.

ಮೂರನೇ ಸ್ಕ್ವಾಡ್: ಕಾಲಾಳು ಅವರ ಮಾತಿಗೆ ಹಳೆಯ ಆಟವೊಂದರಲ್ಲಿ ಸ್ಪಷ್ಟವಾದ ಆಧಾರವಿದೆ. 2002ರಲ್ಲಿ ಹಾಫ್-ಲೈಫ್ ಆಟದ ಮಾಡ್ (ಇರುವ ಆಟವನ್ನು ಮಾರ್ಪಡಿಸಿ ಮಾಡಿದ ಆಟ) ಆಗಿ ಬಂದ ನ್ಯಾಚುರಲ್ ಸೆಲೆಕ್ಷನ್‌ನಲ್ಲಿ ಸೈನಿಕರ ಕಮಾಂಡರ್ ಕುರ್ಚಿಯೊಳಗೆ ಕುಳಿತು ಇಡೀ ಮ್ಯಾಪನ್ನು ಮೇಲಿನಿಂದ ನೋಡುತ್ತಿದ್ದ. ಯಾವ ಕಟ್ಟಡ ಎಲ್ಲಿ ಬೇಕೆಂದು ಅವನು ಇಳಿಸಬಹುದಿತ್ತು, ಆದರೆ ಸೈನಿಕನೊಬ್ಬ ಅಲ್ಲಿಗೆ ನಡೆದುಹೋಗಿ ಕಟ್ಟಿ ಮುಗಿಸುವವರೆಗೆ ಅದು ಕೆಲಸಕ್ಕೆ ಬಾರದ ಚೌಕಟ್ಟು ಮಾತ್ರ. ಯಾರೂ ಮಾತು ಕೇಳದ ತಂಡದಲ್ಲಿ ಆ ಕುರ್ಚಿಯಲ್ಲಿ ಕುಳಿತವನಷ್ಟು ಅಸಹಾಯಕ ಬೇರೊಬ್ಬನಿಲ್ಲ. ನಾನು ಕುಳಿತಿದ್ದೇನೆ, ಆದ್ದರಿಂದಲೇ ಹೇಳುತ್ತಿದ್ದೇನೆ.

ಗ್ಯಾರಿಸನ್: ಇಲ್ಲಿಯವರೆಗೆ ಎಲ್ಲರೂ ಒಳ್ಳೆಯ ಕ್ಷಣಗಳನ್ನೇ ಹೇಳಿದ್ದೀರಿ, ನನ್ನದು ಹಾಗಲ್ಲ. ಹೆಲ್ ಲೆಟ್ ಲೂಸ್ ಆಟದಲ್ಲಿ ಒಂದು ಕಡೆಗೆ 50 ಜನ, ಪಂದ್ಯದ ಅವಧಿ 90 ನಿಮಿಷ. ಸಮಯ ಮುಗಿಯುತ್ತಿತ್ತು, ಎರಡೂ ಕಡೆಯವರ ಬಳಿ ಎರಡೆರಡು ವಲಯಗಳಿದ್ದವು, ನಡುವಿನ ವಲಯಕ್ಕಾಗಿ ಕಾದಾಟ ನಡೆದಿತ್ತು. ಶತ್ರುಗಳು ಅಲ್ಲಿನ ಕಟ್ಟಡಗಳಲ್ಲಿ ತುಂಬಿಕೊಂಡಿದ್ದಾರೆಂಬ ವರದಿ ಬಂದ ಕೂಡಲೇ, ಉಳಿದಿದ್ದ ಮದ್ದುಗುಂಡಿನ ಸಂಗ್ರಹವನ್ನೆಲ್ಲ ಖರ್ಚುಮಾಡಿ ಬಾಂಬ್ ದಾಳಿ ಕರೆದೆ. ಅಷ್ಟರಲ್ಲಿ ನಮ್ಮದೇ ಒಂದು ಸ್ಕ್ವಾಡ್ ಹಿಂಬದಿಯಿಂದ ಒಳಹೊಕ್ಕಿತ್ತು. ಆ ಆಟದಲ್ಲಿ ಬಾಂಬಿಗೆ ತನ್ನವರು, ಪರರು ಎಂಬ ಭೇದವಿಲ್ಲ. ಕಮಾಂಡ್ ಚಾನೆಲ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಆ ಸ್ಕ್ವಾಡ್‌ನ ಲೀಡರ್, ದನಿಯೇರಿಸದೆ, "ನಾವು ಒಳಗಿದ್ದೆವು, ಒಮ್ಮೆ ಕೇಳಬಹುದಿತ್ತು" ಎಂದರು. ಪಂದ್ಯ ಸೋತೆವು. ಅಂದಿನಿಂದ ಪ್ರತಿ ದಾಳಿಗೂ ಮುನ್ನ ಜಾಗದ ಹೆಸರು ಹೇಳಿ, ಅಲ್ಲಿ ನಮ್ಮವರು ಯಾರಾದರೂ ಇದ್ದೀರಾ ಎಂದು ಕೇಳಿ, ಉತ್ತರಕ್ಕಾಗಿ ಕಾಯುತ್ತೇನೆ.

ನಕಾಶೆಗಾರ: ಗ್ಯಾರಿಸನ್ ಅವರೇ, ಇದನ್ನು ಮುಚ್ಚಿಡದೆ ಬರೆದದ್ದಕ್ಕೆ ಧನ್ಯವಾದಗಳು. ಕಾಲಾಳು ಅವರ ಆಕ್ಷೇಪವನ್ನೂ ಅರ್ಧ ಒಪ್ಪುತ್ತೇನೆ, ಏಕೆಂದರೆ ಆ ಬಾವುಟವನ್ನು ಹಿಡಿದುಕೊಂಡವರು ಆ ಆರು ಜನರೇ. ಉಳಿದರ್ಧವನ್ನು ಒಪ್ಪಲಾರೆ. ಐವತ್ತು ಜನರ ಅಭಿಪ್ರಾಯ ಕೇಳುತ್ತ ಕುಳಿತರೆ, ಶತ್ರುಗಳು ನಮ್ಮ ಗ್ಯಾರಿಸನ್ (ಆ ಆಟದಲ್ಲಿ ಸತ್ತವರು ಮರಳಿ ಬರುವ ಠಾಣೆ) ಹತ್ತಿರ ಬಂದು ಅಲ್ಲಿಂದ ನಮ್ಮವರು ಮರಳಿ ಬರುವ ದಾರಿಯೇ ಮುಚ್ಚಿಹೋಗುತ್ತದೆ. ತಪ್ಪಾಗಬಹುದೆಂದು ತಿಳಿದೂ ಒಬ್ಬರು ನಿರ್ಧರಿಸಲೇಬೇಕು.

ಕಾಲಾಳು: ನಿರ್ಧರಿಸಬೇಡಿ ಎಂದು ನಾನು ಹೇಳಿಲ್ಲ. ಗ್ಯಾರಿಸನ್ ಅವರು ಕೇಳಬೇಕಿದ್ದುದು ಐವತ್ತು ಜನರನ್ನಲ್ಲ, ಆ ಕಟ್ಟಡದ ಸುತ್ತಲಿದ್ದ ಒಬ್ಬಿಬ್ಬರು ಲೀಡರ್‌ಗಳನ್ನು. ಅದಕ್ಕೆ ಐದು ಸೆಕೆಂಡು ಸಾಕು. ಬ್ಯಾಟಲ್‌ಫೀಲ್ಡ್ 2ರಲ್ಲಿ ಕಮಾಂಡರ್‌ನನ್ನು ಮತದಿಂದ ಕೆಳಗಿಳಿಸುವ ಅವಕಾಶವಿತ್ತು, ಅದು ನನಗೆ ಸರಿಯೆಂದೇ ತೋರುತ್ತದೆ. ಗ್ಯಾರಿಸನ್ ಅವರ ಪಂದ್ಯದಲ್ಲಿ ಅಂಥ ಮತವಿದ್ದು, ನಾನು ಆ ಸ್ಕ್ವಾಡ್‌ನಲ್ಲಿದ್ದಿದ್ದರೆ, ಕ್ಷಮಿಸಿ, ಅವರ ವಿರುದ್ಧವೇ ಹಾಕುತ್ತಿದ್ದೆ.

ಗ್ಯಾರಿಸನ್: ಹಾಕಿದ್ದರೆ ತಪ್ಪೆನ್ನುತ್ತಿರಲಿಲ್ಲ. ಆದರೆ ನಡೆದದ್ದು ಬೇರೆ. ಮುಂದಿನ ಪಂದ್ಯದಲ್ಲಿ ಕಮಾಂಡರ್ ಸ್ಥಾನ ಖಾಲಿಯಿತ್ತು, ನಾನು ಸಾಮಾನ್ಯ ಸೈನಿಕನಾಗಿ ಸೇರಿಕೊಂಡಿದ್ದೆ. ಅದೇ ಸ್ಕ್ವಾಡ್ ಲೀಡರ್ ನನ್ನನ್ನು ಹೆಸರು ಹಿಡಿದು ಕರೆದು, "ನೀವೇ ತೆಗೆದುಕೊಳ್ಳಿ, ಈ ಸಲ ಕೇಳಿ" ಎಂದರು. ಆ 90 ನಿಮಿಷಗಳಲ್ಲಿ ಬಾಂಬ್ ದಾಳಿಗೆ ಮುನ್ನ ನಾನು ಪ್ರತಿ ಸಲ ಕೇಳಿದೆ, ಪ್ರತಿ ಸಲ ಮೊದಲು ಉತ್ತರ ಕೊಟ್ಟವರು ಅವರೇ.